ಆರಡಿ ಎರಡಂಗುಲದ ಹುಡುಗನಿಗೆ ಯಾವ ಗಾಡಿ?

ಬೆಳ್ಳಿತೆರೆಯ ಮೇಲೆ ಹೀರೋ ಮೋಟಾರ್ ಸೈಕಲ್ ಹತ್ತಿ ಬರುತ್ತಾನೆ. ಧೂಳೇಳುತ್ತದೆ, ಟಾಕೀಸಿನಲ್ಲಿ ಸೀಟಿ ಬೀಳುತ್ತದೆ. ಸೀಟಿ ಹೊಡೆದವರಲ್ಲಿ ನೀವೂ ಒಬ್ಬರು, ನಾನೂ ಒಬ್ಬ! 1975ರ ‘ಶೋಲೆ’ಯಲ್ಲಿ ಧರ್ಮೇಂದ್ರ ಮತ್ತು ಆರಡಿ ಮೀರಿದ ಅಮಿತಾಭ್ ಬಚ್ಚನ್ ಸೈಡ್‌ಕಾರ್ ಗಾಡಿಯಲ್ಲಿ ಹಾಡಿಕೊಂಡು ಹೋದದ್ದನ್ನು ನಮ್ಮ ಅಪ್ಪಂದಿರು ಇನ್ನೂ ಮರೆತಿಲ್ಲ. 2022ರ ‘777 ಚಾರ್ಲಿ’ಯಲ್ಲಿ ರಕ್ಷಿತ್ ಶೆಟ್ಟಿ ನಾಯಿಯನ್ನು ಸೈಡ್‌ಕಾರಿನಲ್ಲಿ ಕೂರಿಸಿಕೊಂಡು ಹಿಮದ ನಾಡಿಗೆ ಹೊರಟಾಗ ಕಣ್ಣೊರೆಸಿಕೊಳ್ಳದವರು ಯಾರು?

ಆದರೆ ಗೆಳೆಯರೇ, ಒಂದು ಪ್ರಶ್ನೆ. ನೂರು ಕಿಲೋಮೀಟರ್ ಆದ ಮೇಲೆ ಹೀರೋನ ಮೊಣಕಾಲು ಹೇಗಿತ್ತು? ಕ್ಯಾಮೆರಾ ಅದನ್ನು ತೋರಿಸುವುದಿಲ್ಲ. ಶಾಟ್ ಮುಗಿಯಿತು, ಹೀರೋ ಇಳಿದ, ಕುರ್ಚಿ ಬಂತು, ಚಹಾ ಬಂತು. ನಮ್ಮ ಹುಡುಗರಿಗೆ ‘ಕಟ್’ ಹೇಳಲು ನಿರ್ದೇಶಕ ಇಲ್ಲ. ಬೈಲಹೊಂಗಲ ಬಿಟ್ಟರೆ ರಾಮದುರ್ಗ ಮುಟ್ಟುವ ತನಕ ಕೂತೇ ಇರಬೇಕು!

ಕಾಲೂ ಉದ್ದ, ಕಂತೂ ಉದ್ದ

ಬೈಲಹೊಂಗಲದಲ್ಲಿ ನನಗೊಬ್ಬ ಗೆಳೆಯ. ಎತ್ತರ ಆರಡಿ ಎರಡಂಗುಲ. ಕಾಲೇಜಿನಲ್ಲಿ ಅವನಿಗೆ ‘ಲಂಬೂ’ ಅಂತಲೇ ಹೆಸರು. ನಾನು ಪಿಯುಸಿ ಬಿಟ್ಟು ಪೆನ್ನು ಹಿಡಿದೆ, ಅವನು ಬೀಜ-ಗೊಬ್ಬರದ ಕಂಪನಿಯೊಂದರಲ್ಲಿ ಸೇಲ್ಸ್ ಕೆಲಸ ಹಿಡಿದ. ಇವತ್ತು ಕಿತ್ತೂರು, ನಾಳೆ ಸವದತ್ತಿ, ನಾಡಿದ್ದು ರಾಮದುರ್ಗ. ರಜೆ ಸಿಕ್ಕರೆ ಹುಬ್ಬಳ್ಳಿಯಲ್ಲಿ ಮೊದಲ ದಿನದ ಮೊದಲ ಆಟ. ವರ್ಷಕ್ಕೊಮ್ಮೆ ಗೋಕರ್ಣ, ಗೋವಾ. ಇಷ್ಟೆಲ್ಲ ತಿರುಗಾಟ ಅವರಪ್ಪನ ಹಳೆಯ ನೂರು ಸಿಸಿ ಗಾಡಿಯ ಮೇಲೆ. ದೂರದಿಂದ ನೋಡಿದರೆ ಮಿಡತೆಯೊಂದು ಬೆಂಕಿಪೊಟ್ಟಣದ ಮೇಲೆ ಕೂತ ಹಾಗೆ ಕಾಣುತ್ತಿದ್ದ.

“ದೋಸ್ತ, ರಾಮದುರ್ಗಕ ಹೋಗಿ ಬಂದ್ರ ಮೊಣಕಾಲು ನನ್ನವ ಅನ್ನಿಸೂದಿಲ್ಲೋ. ಟೊಂಕಾ ಅಂತೂ ಕೇಳಬ್ಯಾಡ,” ಎಂದ ಒಂದು ದಿನ. ಆ ವರ್ಷದ ಕಬ್ಬಿನ ಬಿಲ್ಲು ಬಂದಿತ್ತು. ಅದರಲ್ಲಿ ಒಂದು ಪಾಲು ಡೌನ್ ಪೇಮೆಂಟ್, ಉಳಿದದ್ದು ಕಂತು. ತಪ್ಪು ಗಾಡಿ ಮನೆಗೆ ಬಂದರೆ ಕಂತು ತೀರುವ ತನಕ ನೋವೂ ತೀರುವುದಿಲ್ಲ, ಮಾರಿದರೆ ಕೈ ಸುಡುತ್ತದೆ.

ಶೋರೂಮಿಗೆ ಇಬ್ಬರೂ ಹೋದೆವು. ಅಲ್ಲಿನ ಹುಡುಗ ಇವನನ್ನು ಕಾಲಿನಿಂದ ತಲೆತನಕ ನೋಡಿದವನೇ, ಇದ್ದುದರಲ್ಲೇ ದೊಡ್ಡ ಟ್ಯಾಂಕಿನ, ಭಾರದ ಗಾಡಿಯ ಮುಂದೆ ನಿಲ್ಲಿಸಿದ. “ಅಣ್ಣಾರ, ನಿಮ್ಮ ಹೈಟಿಗೆ ಇದ ಬರೋಬ್ಬರಿ ನೋಡ್ರಿ. ಥೇಟ್ ಹೀರೋ ಕಂಡಂಗ ಕಾಣ್ತೀರಿ!”

ಕಾಣುವುದೇನೋ ಸರಿ. ಕೂರುವುದು? ಇವನ ತಾಯಿ ಬೆಳಿಗ್ಗೆಯೇ ಹೇಳಿ ಕಳಿಸಿದ್ದರು: “ಗಾಡಿ ಚಂದ ಇದ್ರ ಸಾಕೇನೋ ಯಪ್ಪಾ? ಕುಂಡ್ರಾಕ ಬರಬೇಕಲಾ!” ಎತ್ತರದ ಸವಾರನ ಇಡೀ ಶಾಸ್ತ್ರ ಆ ಒಂದು ಮಾತಿನಲ್ಲಿದೆ.

ಕಿತ್ತೂರಿನ ಕುದುರೆಯನ್ನು ಕೇಳಿ

1961ರಲ್ಲಿ ಬಿ.ಆರ್. ಪಂತುಲು ಅವರ ‘ಕಿತ್ತೂರು ಚೆನ್ನಮ್ಮ’ ಬಂತು. ಬಿ. ಸರೋಜಾದೇವಿ ಚೆನ್ನಮ್ಮನಾದರು. 2012ರಲ್ಲಿ ‘ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ’ ಬಂತು, ಆರಡಿ ಮೀರಿದ ದರ್ಶನ್ ಕುದುರೆ ಏರಿದರು. ಎರಡೂ ನಮ್ಮ ನೆಲದ ಕತೆ. ಚೆನ್ನಮ್ಮನ ಸಮಾಧಿ ಇರುವುದು ಬೈಲಹೊಂಗಲದಲ್ಲೇ, ಸಂಗೊಳ್ಳಿಯೂ ಅದೇ ತಾಲ್ಲೂಕು.

ಕುದುರೆಯ ಜೀನನ್ನು ಸರಿಯಾಗಿ ನೋಡಿದ್ದೀರಾ? ಕಾಲಿಡುವ ರಿಕಾಪು ತೊಗಲಿನ ಪಟ್ಟಿಯಲ್ಲಿ ನೇತಾಡುತ್ತಿರುತ್ತದೆ. ಗಿಡ್ಡನಿಗೆ ಪಟ್ಟಿ ಮೇಲೆ ಕಟ್ಟುತ್ತಾರೆ, ಎತ್ತರದವನಿಗೆ ಕೆಳಗೆ ಬಿಡುತ್ತಾರೆ. ಕುದುರೆ ಒಂದೇ, ಸವಾರ ಯಾರಾದರೂ ಕಾಲು ಸುಖವಾಗಿರುತ್ತದೆ. ಮೋಟಾರ್ ಸೈಕಲ್ಲಿಗೆ ಈ ಭಾಗ್ಯ ಇಲ್ಲ! ಫುಟ್‌ರೆಸ್ಟನ್ನು ಕಾರ್ಖಾನೆಯವರು ಎಲ್ಲಿ ಕೂರಿಸಿದರೋ ಅಲ್ಲೇ. ಐದಡಿ ಐದಂಗುಲದ ನನಗೂ ಅದೇ ಜಾಗ, ಆರಡಿ ಎರಡಂಗುಲದ ಲಂಬೂಗೂ ಅದೇ ಜಾಗ. ನನ್ನ ಮೊಣಕಾಲು ಸಲೀಸಾಗಿ ಬಾಗಿದರೆ, ಅವನದು ಮಡಚಿದ ಚಾಕುವಿನ ಹಾಗೆ ಆಗುತ್ತದೆ.

ಹಾಗಾಗಿ ಮೊದಲ ಸೂತ್ರ ಕೇಳಿ. ಎಲ್ಲರೂ ಕೇಳುವುದು ನೆಲದಿಂದ ಸೀಟಿನ ಎತ್ತರ. ಅದು ಗಾಡಿ ನಿಂತಾಗ ಬೇಕಾದ ಅಳತೆ. ಓಡುವಾಗ ಬೇಕಾದ್ದು ಸೀಟಿನಿಂದ ಫುಟ್‌ರೆಸ್ಟಿನ ಅಂತರ. ಇದನ್ನು ಯಾವ ಜಾಹೀರಾತಿನಲ್ಲೂ ದೊಡ್ಡದಾಗಿ ಹಾಕುವುದಿಲ್ಲ. ನೀವೇ ಟೇಪು ಹಿಡಿದು ಅಳೆಯಬೇಕು. ಗಾಡಿಯಿಂದ ಗಾಡಿಗೆ ಎರಡಂಗುಲ ಹೆಚ್ಚುಕಡಿಮೆ ಬಂದರೂ ಸಾಕು, ಸಂಜೆ ಮನೆಗೆ ಕುಂಟುತ್ತ ಬರುತ್ತೀರೋ ನೆಟ್ಟಗೆ ಬರುತ್ತೀರೋ ಅನ್ನುವುದು ತೀರ್ಮಾನವಾಗಿಬಿಡುತ್ತದೆ.

ಕಾಗದದ ಮೇಲಿನ ಲೆಕ್ಕ

ಮನೆಯಲ್ಲೇ ಒಂದು ಕೆಲಸ ಮಾಡಿ. ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತು, ತೊಡೆಸಂದಿಗೆ ಒಂದು ದಪ್ಪ ಪುಸ್ತಕ ಒತ್ತಿ ಹಿಡಿದು, ಅದರ ಮೇಲಂಚಿನಿಂದ ನೆಲಕ್ಕೆ ಅಳೆಯಿರಿ. ಲಂಬೂಗೆ 35 ಅಂಗುಲ ಬಂತು, ಅಂದರೆ ಸುಮಾರು 89 ಸೆಂಟಿಮೀಟರ್.

ಈಗ ಗಾಡಿಗಳು. ನಮ್ಮೂರಿನ ಮನೆಮನೆಯಲ್ಲಿರುವ ಸ್ಪ್ಲೆಂಡರ್ ಪ್ಲಸ್ ಸೀಟು 785 ಮಿಲಿಮೀಟರ್. ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350ಕ್ಕೆ 805, ತೂಕ 195 ಕಿಲೋ. ಹೋಂಡಾ ಹೈನೆಸ್ ಸಿಬಿ 350ಕ್ಕೆ 800, ತೂಕ 181 ಕಿಲೋ. ಸುಜುಕಿ ವಿ-ಸ್ಟ್ರಾಮ್ ಎಸ್‌ಎಕ್ಸ್‌ಗೆ 835, ತೂಕ 167 ಕಿಲೋ. 2021ರಲ್ಲಿ ಬಂದ ಹೀರೋ ಎಕ್ಸ್‌ಪಲ್ಸ್ 200 4ವಿಗೆ 825, ಅದರದೇ ‘ಪ್ರೊ’ ಮಾದರಿಗೆ 891! 2023ರಲ್ಲಿ ಬಂದ ಹಿಮಾಲಯನ್ 450ಕ್ಕೆ 825, ಸೀಟು ಏರಿಸಿ ಕೂರಿಸಿದರೆ 845, ತೂಕ 196 ಕಿಲೋ.

ಕ್ರೂಸರ್ ಜಾತಿಯದು ಬೇರೆಯದೇ ಕತೆ. ಮೀಟಿಯರ್ 350ರ ಸೀಟು 765 ಮಾತ್ರ. ಆದರೂ ಫುಟ್‌ರೆಸ್ಟ್ ಮುಂದಕ್ಕಿರುವುದರಿಂದ ಉದ್ದ ಕಾಲು ಚಾಚಿಕೊಳ್ಳುತ್ತದೆ. ಹಾಗಾದರೆ ಅದೇ ಸಾಕಲ್ಲ ಅಂತೀರಾ? ತಾಳಿ! ಕಾಲು ಮುಂದೆ ಹೋದರೆ ಮೈಭಾರವೆಲ್ಲ ಬೆನ್ನಿನ ಬುಡದ ಮೇಲೆ. ನುಣುಪು ಹೆದ್ದಾರಿಯಲ್ಲಿ ಅದು ಆರಾಮ ಕುರ್ಚಿ. ಗುಂಡಿ ಬಂದಾಗ ಮಾತ್ರ ಥಟ್ಟನೆ ಎದ್ದು ನಿಲ್ಲಲಾಗದು, ಏಟು ನೇರ ಬೆನ್ನುಹುರಿಗೆ.

ಸೀಟು, ಫುಟ್‌ರೆಸ್ಟ್, ಹ್ಯಾಂಡಲ್: ಮೂರು ಮೂಲೆಯ ಈ ತ್ರಿಕೋನದೊಳಗೆ ನಿಮ್ಮ ಮೈ ಹೊಂದಬೇಕು. ಮೊಣಕಾಲು ತೊಡೆಗಿಂತ ಮೇಲೇಳಬಾರದು, ಮೊಣಕೈ ಸ್ವಲ್ಪ ಬಾಗಿರಬೇಕು, ಬೆನ್ನು ಗೂನಾಗಬಾರದು. ಇನ್ನೊಂದು ಗುಟ್ಟು: ಉದ್ದ ತೊಡೆಯವನು ಹಿಂದಕ್ಕೆ ಸರಿದು ಕೂರುತ್ತಾನೆ. ಹಿಂಬದಿ ಸೀಟು ಮೆಟ್ಟಿಲಿನ ಹಾಗೆ ಎದ್ದಿದ್ದರೆ ಅದು ಅವನನ್ನು ಮುಂದಕ್ಕೇ ದಬ್ಬುತ್ತದೆ. ಒಂದೇ ತುಂಡಿನ, ಸಪಾಟಾದ, ಉದ್ದ ಸೀಟು ಇವನಿಗೆ ವರ!

ನಾಲ್ಕು ಊರು, ನಾಲ್ಕು ಪರೀಕ್ಷೆ

ಶೋರೂಮಿನ ಎರಡು ನಿಮಿಷದ ಸವಾರಿಯಲ್ಲಿ ಎಲ್ಲ ಗಾಡಿಯೂ ಸುಖವೇ. ನೋವು ಬರಲು ಕನಿಷ್ಠ ಅರ್ಧ ತಾಸು ಬೇಕು. ಅದಕ್ಕೇ ಗೆಳೆಯರ ಗಾಡಿಗಳನ್ನು ಒಂದೊಂದು ಭಾನುವಾರ ಇಸಿದುಕೊಂಡು ನಮ್ಮ ನಾಲ್ಕು ಊರಿನ ದಾರಿಯಲ್ಲೇ ಪರೀಕ್ಷೆ ಮಾಡಿದೆವು.

ಮೊದಲು ಬೈಲಹೊಂಗಲದ ಬಜಾರ. ಹ್ಯಾಂಡಲ್ ಪೂರ್ತಿ ತಿರುಗಿಸಿ, ಜನದ ನಡುವೆ ಗಾಡಿ ಹೊರಳಿಸಬೇಕು. ಎತ್ತರದವರ ಮೊಣಕಾಲಿಗೆ ಹ್ಯಾಂಡಲ್ ತಾಗುವುದು ಇಲ್ಲೇ. ತಾಗಿತೋ, ಆ ಗಾಡಿ ಪಟ್ಟಿಯಿಂದ ಔಟ್. ನಿಮ್ಮ ಬೂಟು ದೊಡ್ಡ ನಂಬರಿನದಾದರೆ ಗೇರ್ ಲಿವರ್ ಕೆಳಗೆ ತೂರುತ್ತದೋ ಇಲ್ಲವೋ ಅದನ್ನೂ ನೋಡಿ. ಲಿವರನ್ನು ಮೇಲೆ-ಕೆಳಗೆ ಮಾಡಿಕೊಡುವುದು ಮೆಕ್ಯಾನಿಕ್‌ಗೆ ಐದು ನಿಮಿಷದ ಕೆಲಸ.

ಎರಡನೆಯದು ಕಿತ್ತೂರಿನ ಹೆದ್ದಾರಿ. ಇಲ್ಲಿ ವೈರಿ ಗಾಳಿ. ಮುಂದಿನ ಗಾಜು ನನ್ನ ಹೆಲ್ಮೆಟ್ಟಿನ ಮೇಲೆ ಗಾಳಿ ಹಾರಿಸಿದರೆ, ಲಂಬೂನ ಹೆಲ್ಮೆಟ್ಟಿಗೆ ನೇರ ಬಡಿಯುತ್ತಿತ್ತು. 80ರ ವೇಗದಲ್ಲಿ ತಲೆ ಗಡಗಡ! ಇದನ್ನು ಪತ್ತೆ ಹಚ್ಚುವುದು ಸುಲಭ. ಖಾಲಿ ರಸ್ತೆಯಲ್ಲಿ ತಲೆಯನ್ನು ಎರಡಂಗುಲ ತಗ್ಗಿಸಿ. ಸದ್ದು ನಿಂತರೆ ಗಾಜು ಅಷ್ಟು ಗಿಡ್ಡವಾಗಿದೆ ಅಂತ ಅರ್ಥ. ಎತ್ತರದ ಗಾಜು ಹಾಕಿಸಿ, ಇಲ್ಲವೇ ಗಾಜನ್ನೇ ತೆಗೆಸಿ. ಎದೆಗೆ ಬೀಳುವ ಗಾಳಿ ಎಷ್ಟೋ ವಾಸಿ.

ಮೂರನೆಯದು ಸವದತ್ತಿ. ಲಂಬೂ ತಾಯಿಯನ್ನು ಹಿಂದೆ ಕೂರಿಸಿಕೊಂಡು ಎಲ್ಲಮ್ಮನ ಗುಡ್ಡ ಹತ್ತಿಸಿದ. ಇಬ್ಬರ ಭಾರಕ್ಕೆ ಹಿಂದಿನ ಶಾಕ್ ಅಬ್ಸಾರ್ಬರ್ ಕುಗ್ಗಿದರೆ ಗಾಡಿಯ ಮೂತಿ ಮೇಲೇಳುತ್ತದೆ, ತಿರುವಿನಲ್ಲಿ ಹಿಡಿತ ಸಡಿಲವಾಗುತ್ತದೆ. ಶಾಕ್‌ನ ಸ್ಪ್ರಿಂಗ್ ಬಿಗಿ ಮಾಡುವ ವ್ಯವಸ್ಥೆ ಹೆಚ್ಚಿನ ಗಾಡಿಗಳಲ್ಲಿದೆ. ಅದನ್ನು ಒಂದೆರಡು ಹಲ್ಲು ಏರಿಸಿಕೊಳ್ಳಬೇಕು. ಎತ್ತರದವರು ಸಾಮಾನ್ಯವಾಗಿ ಭಾರವೂ ಇರುವುದರಿಂದ ಒಬ್ಬರೇ ಹೋಗುವಾಗಲೂ ಇದು ಬೇಕಾದೀತು.

ಕೊನೆಗೆ ರಾಮದುರ್ಗದ ಕಡೆಯ ಎರೆಭೂಮಿಯ ಹಳ್ಳಿದಾರಿ. ಇಲ್ಲಿ ಫುಟ್‌ರೆಸ್ಟಿನ ಮೇಲೆ ಎದ್ದು ನಿಂತು ಓಡಿಸಿ ನೋಡಿ. ನಿಂತಾಗ ಹ್ಯಾಂಡಲ್ ಕೈಗೆ ಸಿಗಬೇಕು, ಬಿದ್ದ ಕಾಸು ಹುಡುಕುವವನ ಹಾಗೆ ಬಗ್ಗಬಾರದು. ಮಳೆ ಬಂದರೆ ಎರೆಮಣ್ಣು ಸಬಕಾರ. ಆಗ 195 ಕಿಲೋ ಗಾಡಿ ವಾಲಿದರೆ ಭೀಮನಿಗೂ ತಡೆಯಲಾಗದು, ಹಗುರ ಗಾಡಿ ಕಾಲು ಕೊಟ್ಟರೆ ನಿಲ್ಲುತ್ತದೆ. ಉದ್ದ ಕಾಲಿನ ಲಾಭ ಇದೇ ಗೆಳೆಯರೇ, ಗಿಡ್ಡರು ಹೆದರುವ 825ರ ಸೀಟಿನ ಮೇಲೆ ಕೂತೂ ಎರಡೂ ಅಂಗಾಲು ನೆಲಕ್ಕೆ!

ಇನ್ನು ಕಬ್ಬಿನ ಹಂಗಾಮಿನ ರಾತ್ರಿ. ಎರಡು ಟ್ರಾಲಿ ಕಟ್ಟಿಕೊಂಡ ಟ್ರ್ಯಾಕ್ಟರ್, ಹಿಂದೆ ದೀಪ ಇಲ್ಲ. ಮೊಣಕಾಲು ಜೋಮು ಹಿಡಿದಿದ್ದರೆ ಹಿಂದಿನ ಬ್ರೇಕಿಗೆ ಕಾಲು ಒಂದು ಕ್ಷಣ ತಡವಾಗಿ ಹೋಗುತ್ತದೆ. ಆ ಒಂದು ಕ್ಷಣ ಸಾಕು. ನಾನು ಇಷ್ಟು ಹೊತ್ತು ಅಂಗುಲಗಳ ಲೆಕ್ಕ ಹೇಳಿದ್ದು ಬರೀ ಸುಖಕ್ಕಾಗಿ ಅಲ್ಲ, ಜೀವಕ್ಕಾಗಿ.

ಕುಶನ್ ಅಂಗಡಿಯ ಮದ್ದು

ಇರುವ ಗಾಡಿಯನ್ನೇ ಇಟ್ಟುಕೊಳ್ಳಬೇಕಾದವರು ಎದೆಗುಂದಬೇಡಿ. ಫುಟ್‌ರೆಸ್ಟ್ ಕೆಳಗಿಳಿಯದಿದ್ದರೆ ಸೀಟೇ ಮೇಲೇರಲಿ! ಒಂದೂವರೆ ಅಂಗುಲ ಫೋಮ್ ಏರಿಸಿದರೆ ಮೊಣಕಾಲಿಗೆ ಅಷ್ಟೇ ಜಾಗ ಸಿಕ್ಕಿತು. ಸೀಟು ಹೊಲಿಯುವ ಹಿರಿಯರೊಬ್ಬರು ಹೇಳಿದ ಮಾತು ಬರೆದಿಟ್ಟುಕೊಳ್ಳಿ: “ಮೆತ್ತಗಿದ್ರ ಚಲೋ ಅಂತಾರ ಎಲ್ಲಾರೂ. ಮೆತ್ತಂದು ಅರ್ಧಾ ತಾಸಿನ ಸುಖಾರಿ. ದೂರ ಹೋಗಾವ್ರು ಗಟ್ಟಿ ಫೋಮ್ ಹಾಕಸ್ರಿ.” ಹ್ಯಾಂಡಲ್ ಗಿಡ್ಡವೆನಿಸಿದರೆ ಮೊದಲು ಅದರ ಬೋಲ್ಟ್ ಸಡಿಲಿಸಿ, ಸ್ವಲ್ಪ ಹೊರಳಿಸಿ ನೋಡಿ.

ಆದರೆ ಚಾಸಿ ಕುಯ್ಯುವುದು, ಸಿಕ್ಕ ಕಬ್ಬಿಣ ಬೆಸೆದು ಫುಟ್‌ರೆಸ್ಟ್ ಇಳಿಸುವುದು ಬೇಡವೇ ಬೇಡ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಗಾಡಿಯ ಮೂಲ ರಚನೆ ಬದಲಿಸುವುದನ್ನು ತಡೆಯುತ್ತದೆ. ಬೆಸುಗೆ ನಡುದಾರಿಯಲ್ಲಿ ಬಿಟ್ಟರೆ ಕಾಯ್ದೆಯ ಮಾತು ಆಮೇಲೆ, ಕಾಲಿನ ಮಾತು ಮೊದಲು!

ದುಡ್ಡಿನ ಮಾತು

350 ಸಿಸಿ ಎಂಬ ಗೆರೆಯನ್ನು ನೆನಪಿಡಿ. 2025ರ ಸೆಪ್ಟೆಂಬರ್ 22ರಂದು 350 ಸಿಸಿವರೆಗಿನ ಗಾಡಿಗಳ ಜಿಎಸ್‌ಟಿ ಶೇಕಡ 28ರಿಂದ 18ಕ್ಕೆ ಇಳಿಯಿತು, ಅದರ ಮೇಲಿನವಕ್ಕೆ ಶೇಕಡ 40 ಆಯಿತು. ಕ್ಲಾಸಿಕ್, ಹೈನೆಸ್, ವಿ-ಸ್ಟ್ರಾಮ್ ಎಲ್ಲ ಗೆರೆಯ ಈಚೆ. ಹಿಮಾಲಯನ್ 450 ಗೆರೆಯ ಆಚೆ. ಅದರ 17 ಲೀಟರ್ ಟ್ಯಾಂಕು, ಎತ್ತರದ ನಿಲುವು ಲಂಬೂಗೆ ತುಂಬ ಹಿಡಿಸಿತ್ತು. ಕಂತಿನ ಲೆಕ್ಕ ಹಾಕಿ ಗಾಡಿಗೆ ಕೈಮುಗಿದು ಬಂದ.

ಕೊನೆಗೆ ಅವನು ಕೊಂಡದ್ದು ಒಬ್ಬರ ಕೈ ದಾಟಿ ಬಂದ ಎಕ್ಸ್‌ಪಲ್ಸ್ 200 4ವಿ. ಸಪಾಟು ಸೀಟು, ಹಗುರ ಮೈ, ನಿಂತರೂ ಕೂತರೂ ಹೊಂದುವ ಹ್ಯಾಂಡಲ್. ಹೆದ್ದಾರಿಯಲ್ಲಿ ದೊಡ್ಡ ಗಾಡಿಗಳು ಭರ್ರೆಂದು ದಾಟಿ ಹೋಗುತ್ತವೆ, ಹೋಗಲಿ ಬಿಡಿ. ಉಳಿದ ದುಡ್ಡಿನಲ್ಲಿ ಗಟ್ಟಿ ಫೋಮ್, ಐಎಸ್‌ಐ ಗುರುತಿನ ಎರಡು ಹೆಲ್ಮೆಟ್, ಅವರವ್ವನಿಗೆ ಒಂದು ಇಳಕಲ್ ಸೀರೆ. ಈಗ ರಾಮದುರ್ಗದಿಂದ ಬಂದ ಸಂಜೆಯೂ ನೆಟ್ಟಗೆ ನಡೆದು ಎರಡನೇ ಆಟಕ್ಕೆ ಬರುತ್ತಾನೆ.

ನಿಮ್ಮ ಕಾಲಿನ ಅಳತೆ ಬೇರೆ, ನಿಮ್ಮ ಕಿಸೆಯ ಅಳತೆ ಬೇರೆ. ನಿಮಗೆ ಹಿಡಿಸುವ ಗಾಡಿಯೂ ಬೇರೆ ಇದ್ದೀತು. ಹೀರೋನ ಪೋಸ್ಟರ್ ಗೋಡೆಯ ಮೇಲೆ ಇರಲಿ, ಶೋರೂಮಿಗೆ ಹೋಗುವಾಗ ಕಿಸೆಯಲ್ಲಿ ಟೇಪು ಇರಲಿ. ಸೀಟಿನಿಂದ ಫುಟ್‌ರೆಸ್ಟಿಗೆ ಎಷ್ಟು ಅಂಗುಲ ಅಂತ ಅಳೆದ ಮೇಲೇ ಅಡ್ವಾನ್ಸ್ ಕೊಡಿ. ಮಾರುವವನು ನಕ್ಕರೆ ನಗಲಿ, ಆ ಸೀಟಿನ ಮೇಲೆ ಕೂರಬೇಕಾದವನು ಅವನಲ್ಲವಲ್ಲ!