ಜೂನ್‌ನ ಲಾಟೀನು ಮೆರವಣಿಗೆ

ಜೂನ್ ಅಂದ್ರೆ ನಮಗೆ ಮಳೆ. ಆಸ್ಟ್ರೇಲಿಯಾದಲ್ಲಿ ಚಳಿಗಾಲ, ಸ್ಟೈನರ್ ಶಿಕ್ಷಣ ಪದ್ಧತಿಯ ಪುಟ್ಟ ಶಾಲೆಗಳಲ್ಲಿ ಲಾಟೀನು ಹಬ್ಬದ ಗಡಿಬಿಡಿ. ಬಣ್ಣ ಬಳಿದ ಕಾಗದಕ್ಕೆ ಎಣ್ಣೆ ಸವರಿದ್ರೆ ಬೆಳಕು ಚೆನ್ನಾಗಿ ತೂರುತ್ತೆ. ಮಕ್ಕಳ ಕೈಯೆಲ್ಲ ಜಿಡ್ಡು! ಜರ್ಮನಿಯಲ್ಲಿ ಈ ಮೆರವಣಿಗೆ ನವೆಂಬರ್‌ನಲ್ಲಿ. ಆಸ್ಟ್ರೇಲಿಯಾದಲ್ಲಿ ಆಗ ಬಿಸಿಲು, ಸಂಜೆಯೂ ಉದ್ದ. ಲಾಟೀನು ಯಾರಿಗೆ ಬೇಕು? ಹಾಗಾಗಿ ಹಬ್ಬ ಜೂನ್‌ಗೆ ಬಂತು.

ಅದಕ್ಕೂ ಮುಂಚೆ, ಮೇ 27ರಿಂದ ಜೂನ್ 3ರವರೆಗೆ, ಮೂಲನಿವಾಸಿಗಳ ಜೊತೆ ಸಂಬಂಧ ಸರಿಪಡಿಸಿಕೊಳ್ಳುವ ರಾಷ್ಟ್ರೀಯ ಸಪ್ತಾಹ. ತಾರೀಖುಗಳು ಸುಮ್ಮನೆ ಬಂದಿದ್ದಲ್ಲ. ಮೊದಲನೆಯದು ಮೂಲನಿವಾಸಿಗಳ ಕುರಿತ 1967ರ ಜನಮತಗಣನೆಯ ದಿನ. ಕೊನೆಯದು 1992ರ ಮಾಬೊ ತೀರ್ಪಿನದು: ಬಿಳಿಯರು ಬರುವ ಮುಂಚೆ ಆಸ್ಟ್ರೇಲಿಯಾದ ನೆಲ ಯಾರದ್ದೂ ಆಗಿರಲಿಲ್ಲ ಅನ್ನೋ ವಾದವನ್ನು ಹೈಕೋರ್ಟ್ ತಳ್ಳಿಹಾಕಿದ ದಿನ. ಆ ವಾರ ಪಠ್ಯದ ಪಾಠಕ್ಕಿಂತ, ಮೂಲನಿವಾಸಿ ಹಿರಿಯರೇ ಶಾಲೆಗೆ ಬಂದು ಆ ಊರಿನ ಕಥೆ ಹೇಳಿದಾಗ ಮಕ್ಕಳು ಪ್ರಶ್ನೆ ಕೇಳೋದು ಜಾಸ್ತಿ.