ಬಿಸಿಲ್ಗುದುರೆಯೂ ಬಾವಿಯ ನೀರೂ

ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡಬೇಕೆಂಬುದು ನಮ್ಮ ಹಿರಿಯರ ಮಾತು. ಇದರ ನಿಜವನ್ನು ಅರಿಯಬಯಸುವವರು ವೈಶಾಖದ ಒಂದು ಮಧ್ಯಾಹ್ನ ಬೀಳಗಿಯ ಹೊರಗಣ ಎರೆಹೊಲಗಳ ಅಂಚಿನಲ್ಲಿ ನಿಂತರೆ ಸಾಕು. ಜೋಳದ ಸುಗ್ಗಿ ಮುಗಿದು ಕಪ್ಪು ನೆಲವೆಲ್ಲ ಬಿರುಕು ಬಿಟ್ಟಿರುತ್ತದೆ. ಬಿಸಿಲು 40 ಡಿಗ್ರಿಯನ್ನು ಮುಟ್ಟಿರುತ್ತದೆ. ಆದರೂ ದೂರದಲ್ಲಿ ಒಂದು ಕೆರೆ ತುಂಬಿ ತುಳುಕುತ್ತಿರುತ್ತದೆ! ದಡದ ಜಾಲಿಯ ಮರಗಳು ತಲೆಕೆಳಗಾಗಿ ಅದರಲ್ಲಿ ಮೂಡಿರುತ್ತವೆ. ನಾವು ನಾಲ್ಕು ಹೆಜ್ಜೆ ಮುಂದೆ ನಡೆದರೆ ಕೆರೆಯೂ ನಾಲ್ಕು ಹೆಜ್ಜೆ ಹಿಂದೆ ಸರಿಯುತ್ತದೆ.

ಇದೇ ಬಿಸಿಲ್ಗುದುರೆ. ಸಂಸ್ಕೃತದವರು ಬಾಯಾರಿದ ಜಿಂಕೆಯನ್ನು ನೆನೆದು ಇದನ್ನು ಮೃಗತೃಷ್ಣೆಯೆಂದರು. ನಮಗಂತೂ ಕನ್ನಡದ ಹೆಸರೇ ಹೆಚ್ಚು ಹಿಡಿಸುತ್ತದೆ. ಬೆನ್ನಟ್ಟಿದವನ ಕೈಗೆ ಸಿಕ್ಕದಿರುವುದು ಕುದುರೆಯ ಗುಣವಷ್ಟೆ.

1798ರಲ್ಲಿ ನೆಪೋಲಿಯನ್ನನ ಸೈನ್ಯದೊಡನೆ ಈಜಿಪ್ತಿಗೆ ಹೋಗಿದ್ದ ಮೋಂಜ್ ಎಂಬ ಫ್ರೆಂಚ್ ಗಣಿತಜ್ಞನು, ನೀರಡಿಸಿದ ಸಿಪಾಯಿಗಳನ್ನು ಮರುಳುಗೊಳಿಸಿದ ಇಂಥ ಕೆರೆಗಳ ಕಾರಣವನ್ನು ವಿವರಿಸಿದನು. ಕಾದ ನೆಲಕ್ಕೆ ತಗುಲಿದ ಗಾಳಿಯು ಮೇಲಿನ ಗಾಳಿಗಿಂತ ಬಿಸಿಯಾಗಿಯೂ ತೆಳುವಾಗಿಯೂ ಇರುತ್ತದೆ. ಆಕಾಶದಿಂದ ಓರೆಯಾಗಿ ಇಳಿದ ಬೆಳಕು ಈ ಪದರಗಳಲ್ಲಿ ಬಾಗುತ್ತ ಬಾಗುತ್ತ, ನೆಲವನ್ನು ಮುಟ್ಟುವ ಮೊದಲೇ ಮೇಲಕ್ಕೆ ತಿರುಗಿ ನಮ್ಮ ಕಣ್ಣನ್ನು ಸೇರುತ್ತದೆ. ಬೆಳಕು ನೆಟ್ಟಗೆ ಬರುವುದೆಂದೇ ನಂಬಿರುವ ಮನಸ್ಸು ಅದು ನೆಲದಿಂದ ಬಂದಿತೆಂದು ಎಣಿಸುತ್ತದೆ. ನಾವು ನೀರೆಂದು ಕಂಡದ್ದು ಆಕಾಶದ ತುಣುಕು.

ಹಾಗಾದರೆ ಕಣ್ಣು ಸುಳ್ಳಾಡಿತೇ? ಇಲ್ಲ. ಕ್ಯಾಮೆರಾದಲ್ಲಿಯೂ ಆ ಕೆರೆಯ ಚಿತ್ರ ಮೂಡುತ್ತದೆ. ಕಣ್ಣು ಬಂದ ಬೆಳಕನ್ನು ಬಂದಂತೆಯೇ ಒಪ್ಪಿಸಿತು. ತೀರ್ಪು ಕೊಟ್ಟ ಮನಸ್ಸು ಎಡವಿತು. ಆಲಮಟ್ಟಿಯ ಜಲಾಶಯವಾದ ಮೇಲಂತೂ ಕೃಷ್ಣೆಯ ಹಿನ್ನೀರು ಈ ತಾಲೂಕಿನ ಎಷ್ಟೋ ಹೊಲಗಳ ಮೇಲೆ ನಿಜವಾಗಿಯೇ ನಿಲ್ಲತೊಡಗಿದೆ. ದೂರದಲ್ಲಿ ಹೊಳೆಯುವುದು ನೀರೋ ಬಿಸಿಲೋ ಎಂದು ಹೇಳಲು ಈಗ ಊರವರೂ ಒಂದು ಕ್ಷಣ ತಡೆಯಬೇಕು.

ಹುಣ್ಣಿಮೆಯ ಚಂದ್ರನ ಕಥೆ ಬೇರೆ. ಮೂಡುವಾಗ ಪರಾತದಷ್ಟು ದೊಡ್ಡವನಾಗಿ ತೋರುವ ಅವನು ನೆತ್ತಿಗೇರಿದಾಗ ತಟ್ಟೆಯಷ್ಟಾಗುತ್ತಾನೆ. ಇಲ್ಲಿ ಕ್ಯಾಮೆರಾ ಮೋಸಹೋಗುವುದಿಲ್ಲ. ಅದಕ್ಕೆ ಎರಡೂ ಒಂದೇ ಅಳತೆ. ಕಾಗದವನ್ನು ಕೊಳವೆಯಾಗಿ ಸುತ್ತಿ, ಮರಮನೆಗಳು ಮರೆಯಾಗುವಂತೆ ನೋಡಿದರೆ ಮೂಡುವ ಚಂದ್ರನೂ ಚಿಕ್ಕವನಾಗಿಬಿಡುತ್ತಾನೆ.

ಕಿವಿಯೂ ಚರ್ಮವೂ ಇದಕ್ಕೆ ಹೊರತಲ್ಲ. ವಿಜಯಪುರದ ಗೋಲಗುಮ್ಮಟದ ಮೊಗಸಾಲೆಯಲ್ಲಿ ಸುಮಾರು 125 ಅಡಿಗಳಾಚೆ ಯಾರೋ ಪಿಸುಗುಟ್ಟಿದರೆ, ದುಂಡುಗೋಡೆಯನ್ನು ಹಿಡಿದು ಬಂದ ಆ ಸದ್ದು ನಮ್ಮ ಬೆನ್ನ ಹಿಂದೆಯೇ ಆದಂತಾಗಿ ತಿರುಗಿ ನೋಡುತ್ತೇವೆ. ಅಷ್ಟು ದೂರ ಹೋಗಲಾರದವರು ತೋರುಬೆರಳಿನ ಮೇಲೆ ನಡುಬೆರಳನ್ನು ಹೆಣೆದು, ಕಣ್ಣು ಮುಚ್ಚಿ, ಎರಡರ ತುದಿಗಳ ನಡುವೆ ಒಂದು ಕಡಲೆಕಾಳನ್ನು ಹೊರಳಿಸಿ ನೋಡಲಿ: ಕಾಳು ಒಂದು, ತೋರುವುದು ಎರಡು. ಮನೆಯ ಮಕ್ಕಳಿಗೆ ಒಳ್ಳೆಯ ವಿನೋದವಾದೀತು.

ಆದರೆ ಎಲ್ಲ ಭ್ರಮೆಗಳೂ ವಿನೋದಗಳಲ್ಲ. ಬೀಳಗಿಯ ಅರೆತ್ತಿನ ಬಾವಿಯಂಥ ಹಳೆಯ ಕಲ್ಲಿನ ಬಾವಿಗಳೂ ಕಾಲುವೆಗಳೂ ಈ ಸೀಮೆಯಲ್ಲಿ ಹಲವು. ಬೇಸಿಗೆಯಲ್ಲಿ ಮಕ್ಕಳು ಈಜಲು ನೀರಿಗಿಳಿಯುವುದೂ ವಾಡಿಕೆ. ತಿಳಿನೀರಿನಲ್ಲಿ ತಳದ ಕಲ್ಲು ಕಂಡರೆ ಹುಡುಗನಿಗೆ ಧೈರ್ಯ ಬರುತ್ತದೆ. ಆ ಧೈರ್ಯವನ್ನು ನಂಬಲಾಗದು. ನೀರಿನಿಂದ ಗಾಳಿಗೆ ಬರುವಾಗ ಬೆಳಕು ಬಾಗುವುದರಿಂದ, ನೇರವಾಗಿ ಮೇಲಿನಿಂದ ನೋಡಿದರೂ ಆಳವು ಮುಕ್ಕಾಲರಷ್ಟೇ ಕಾಣುತ್ತದೆ. 6 ಅಡಿ ನೀರು ನಾಲ್ಕೂವರೆ ಅಡಿಯೆಂದು ತೋರುತ್ತದೆ. ದಡದಲ್ಲಿ ನಿಂತು ಓರೆಯಾಗಿ ನೋಡಿದಷ್ಟೂ ಇನ್ನೂ ಕಡಿಮೆ. ಎದೆಮಟ್ಟವೆಂದು ಹುಡುಗನು ತಿಳಿದದ್ದು ತಲೆ ಮುಳುಗುವ ನೀರಾಗಿರುತ್ತದೆ. ಈ ಸಂಗತಿಯನ್ನು ತಂದೆತಾಯಿಗಳು ಮಕ್ಕಳಿಗೆ ಬಾಯಿಮಾತಿನಲ್ಲಿ ಹೇಳಿದರೆ ಸಾಲದು, ತೋರಿಸಬೇಕು. ಒಂದು ಬಿದಿರುಗಳವನ್ನು ಓರೆಯಾಗಿ ನೀರಿನಲ್ಲಿ ಇಳಿಸಿರಿ. ಅದು ನೀರಿನ ಮಟ್ಟದಲ್ಲಿಯೇ ಮುರಿದಂತೆ ಕಾಣುವುದು. ಬಳಿಕ ಅದನ್ನೇ ನೆಟ್ಟಗೆ ತಳಮುಟ್ಟಿಸಿ ಮೇಲೆತ್ತಿ, ತೊಯ್ದ ಭಾಗವನ್ನು ಹುಡುಗನ ಪಕ್ಕದಲ್ಲಿಯೇ ನಿಲ್ಲಿಸಿರಿ.