ಹಾರುವವರ ಹಾದಿ ನೋಡುತ್ತ

ಜಾತ್ರೆಗಿಂತ ಜಾತ್ರೆಯ ಮುನ್ನಾದಿನದ ಸಡಗರವೇ ಸೊಗಸು ಎನ್ನುವವರುಂಟು. ಇಂದು ರಾತ್ರಿಯ ಬಯಲಾಟದಲ್ಲಿ ಯಾರದು ಯಾವ ವೇಷ ಎಂದು ವಿಚಾರಿಸಿಕೊಂಡು, ಅದರ ಮೇಲೆ ಗಂಟೆಗಟ್ಟಲೆ ವಾದಿಸಿ, ಆಮೇಲೆ ಚಾಪೆ ಕಂಬಳಿ ಹಿಡಿದು ಹೊರಡುತ್ತಿದ್ದ ಹಿರಿಯರನ್ನು ನಮ್ಮ ವಾಚಕರಲ್ಲಿ ಅನೇಕರು ತಮ್ಮ ತಮ್ಮ ಊರುಗಳಲ್ಲಿ ಕಂಡವರೇ. ಅಂಥದೇ ಒಂದು ವಾದ, ಪ್ರತಿ ವರ್ಷ ಜನವರಿ ಮುಗಿಯುತ್ತ ಬಂದಂತೆ, ಅಮೆರಿಕೆಯ ಬಾಸ್ಕೆಟ್‌ಬಾಲ್ ರಸಿಕರಲ್ಲಿ ಏಳುತ್ತದೆ. ಅಲ್ಲಿಯ ಎನ್.ಬಿ.ಎ. ಎಂಬ ವೃತ್ತಿಪರ ಸಂಘವು ಫೆಬ್ರವರಿ ನಡುವಿನಲ್ಲಿ ನಡೆಸುವ ಸ್ಲ್ಯಾಮ್ ಡಂಕ್ ಸ್ಪರ್ಧೆಯಲ್ಲಿ ಈ ಸಲ ಭಾಗವಹಿಸುವ ನಾಲ್ವರು ಯಾರು, ಅವರಲ್ಲಿ ಹೊಸದೇನಾದರೂ ತೋರಿಸಬಲ್ಲವರು ಯಾರು, ಎಂಬುದೇ ಆ ವಾದದ ವಸ್ತು. ಮುಂಬಯಿ, ಪುಣೆ, ಚೆನ್ನೈಗಳ ನಮ್ಮ ಮನೆಗಳ ಮಕ್ಕಳೂ ಈಗ ಈ ವಾದದಲ್ಲಿ ಪಾಲುದಾರರು. ಅಲ್ಲಿ ಶನಿವಾರ ಸಂಜೆ ನಡೆಯುವ ಸ್ಪರ್ಧೆ ನಮ್ಮಲ್ಲಿ ಭಾನುವಾರದ ಬೆಳಗಿಗೆ ಬೀಳುತ್ತದೆ. ರಜಾದಿನವೂ ಅಲಾರಂ ಇಟ್ಟು ಏಳುವ ಮಗನನ್ನು ಕಂಡು ಬೆರಗಾಗುವ ತಾಯಂದಿರಿಗೂ ಈ ಹುಚ್ಚಿನ ಹಿನ್ನೆಲೆ ತಿಳಿದಿರಲಿ ಎಂದು ನಾವು ಈ ಲೇಖನಕ್ಕೆ ಕೈಹಾಕಿದ್ದೇವೆ.

ಹಾರಾಟದ ಲೆಕ್ಕ

ಬಾಸ್ಕೆಟ್‌ಬಾಲ್ ಆಟದಲ್ಲಿ ಚೆಂಡನ್ನು ಎಸೆದು ರಿಂಗಿನೊಳಕ್ಕೆ ಹಾಕುವುದು ಸಾಮಾನ್ಯ ರೀತಿ. ಎಸೆಯದೆ, ತಾನೇ ಮೇಲಕ್ಕೆ ಹಾರಿ, ಕೈಯನ್ನು ರಿಂಗಿಗಿಂತ ಎತ್ತರಕ್ಕೆ ಒಯ್ದು, ಚೆಂಡನ್ನು ಮೇಲಿನಿಂದ ಒಳಕ್ಕೆ ಗುದ್ದಿ ತುರುಕುವುದೇ ಡಂಕ್. ರಿಂಗಿನ ಎತ್ತರ ಹತ್ತು ಅಡಿ. 1891ರ ಡಿಸೆಂಬರಿನಲ್ಲಿ ಮೆಸಾಚುಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡಿನಲ್ಲಿ ಜೇಮ್ಸ್ ನೈಸ್ಮಿತ್ ಎಂಬ ವ್ಯಾಯಾಮ ಶಿಕ್ಷಕರು ಹಣ್ಣಿನ ಬುಟ್ಟಿಗಳನ್ನು ಅಂಗಸಾಧನೆಯ ಮನೆಯ ಮೊಗಸಾಲೆಗೆ ಮೊಳೆ ಹೊಡೆದು ಈ ಆಟವನ್ನು ಆರಂಭಿಸಿದಾಗ ಆ ಮೊಗಸಾಲೆ ಹತ್ತು ಅಡಿ ಎತ್ತರದಲ್ಲಿತ್ತು. ಅಂದಿನಿಂದ ಇಂದಿನವರೆಗೆ ಆ ಎತ್ತರ ಬದಲಾಗಿಲ್ಲ. ಬದಲಾದದ್ದು ಆಡುವವರ ಮೈಕಟ್ಟು ಮಾತ್ರ.

ಡಂಕ್ ಮಾಡುವವನು ಗಾಳಿಯಲ್ಲಿ ತೇಲಿದಂತೆ ಕಾಣುತ್ತಾನೆ. ವಾಸ್ತವದಲ್ಲಿ ಭೂಮಿಯ ಸೆಳೆತ ಯಾರಿಗೂ ರಿಯಾಯಿತಿ ಕೊಡುವುದಿಲ್ಲ. ಮೂರು ಅಡಿ ನೆಗೆದವನು ಗಾಳಿಯಲ್ಲಿರುವುದು ಒಂದು ಸೆಕೆಂಡಿಗಿಂತ ಕಡಿಮೆ. ನಾಲ್ಕು ಅಡಿ ನೆಗೆದರೂ ಹೆಚ್ಚೆಂದರೆ ಒಂದು ಸೆಕೆಂಡು. ಆದರೆ ಆ ಹೊತ್ತಿನಲ್ಲಿ ಅರ್ಧಭಾಗವು ನೆಗೆತದ ಮೇಲಿನ ಕಾಲುಭಾಗದಲ್ಲೇ ಕಳೆಯುತ್ತದೆ. ಮೇಲೇರುತ್ತ ವೇಗ ಕುಗ್ಗಿ, ತುದಿಯಲ್ಲಿ ಒಂದು ಕ್ಷಣ ನಿಂತು, ಮತ್ತೆ ಮೆಲ್ಲಗೆ ಇಳಿಯತೊಡಗುವುದರಿಂದ ನಮ್ಮ ಕಣ್ಣಿಗೆ ಅದು ತೇಲಾಟವಾಗಿ ತೋರುತ್ತದೆ. ಈ ಒಂದು ಸೆಕೆಂಡಿನೊಳಗೆ ಚೆಂಡನ್ನು ಕಾಲುಗಳ ನಡುವೆ ದಾಟಿಸಿ, ಬೆನ್ನ ಹಿಂದೆ ತಿರುಗಿಸಿ, ಮೈಯನ್ನೂ ಒಂದು ಸುತ್ತು ತಿರುವಿ ರಿಂಗಿಗೆ ಗುದ್ದಬೇಕು. ಐವರು ತೀರ್ಪುಗಾರರು ಅಂಕ ಕೊಡುತ್ತಾರೆ, ಪೂರ್ಣಾಂಕ 50. ಇತ್ತೀಚಿನ ವರ್ಷಗಳ ಪದ್ಧತಿಯಂತೆ ನಾಲ್ವರೂ ಎರಡೆರಡು ಡಂಕ್ ಮಾಡಿ, ಮೇಲಿನ ಇಬ್ಬರು ಅಂತಿಮ ಸುತ್ತಿಗೆ ಹೋಗುತ್ತಾರೆ; ಅಲ್ಲಿಯೂ ಎರಡೆರಡು. ಗೆಲ್ಲುವವನು ವರ್ಷವಿಡೀ ಕೂಡಿಸಿದ ಅಭ್ಯಾಸವೆಲ್ಲ ನಾಲ್ಕು ನೆಗೆತಗಳಲ್ಲಿ ಮುಗಿದುಹೋಗುತ್ತದೆ.

ಬಡತನದಲ್ಲಿ ಹುಟ್ಟಿದ ಬೆಡಗು

ಇಂದು ಇಷ್ಟು ವೈಭವದಿಂದ ನಡೆಯುವ ಈ ಸ್ಪರ್ಧೆ ಹುಟ್ಟಿದ್ದು ಶ್ರೀಮಂತರ ಮನೆಯಲ್ಲಲ್ಲ. 1967ರಲ್ಲಿ ಎನ್.ಬಿ.ಎ.ಗೆ ಎದುರಾಗಿ ಎ.ಬಿ.ಎ. ಎಂಬ ಇನ್ನೊಂದು ಸಂಘ ಹುಟ್ಟಿಕೊಂಡಿತ್ತು. ಕೆಂಪು, ಬಿಳಿ, ನೀಲಿ ಬಣ್ಣಗಳ ಚೆಂಡು ಅದರ ಗುರುತು. 1976ರ ಆರಂಭದ ವೇಳೆಗೆ ಆ ಸಂಘದಲ್ಲಿ ಉಳಿದಿದ್ದುದು ಏಳು ತಂಡಗಳು ಮಾತ್ರ; ದುಡ್ಡಿಗೂ ಬರ. ಡೆನ್ವರ್ ನಗರದಲ್ಲಿ ನಡೆಯಬೇಕಾಗಿದ್ದ ತಾರೆಗಳ ಪಂದ್ಯಕ್ಕೆ ಜನರನ್ನು ಕರೆತರುವುದು ಹೇಗೆಂಬ ಚಿಂತೆಯಲ್ಲಿ, ಆ ಊರಿನ ತಂಡದ ವ್ಯವಸ್ಥಾಪಕ ಕಾರ್ಲ್ ಶೀರ್ ಮತ್ತು ಅವರ ಸಂಗಡಿಗರಿಗೆ ಹೊಳೆದ ಉಪಾಯವೇ ಡಂಕ್ ಸ್ಪರ್ಧೆ. ಆಗ ಅಮೆರಿಕೆಯ ಕಾಲೇಜು ಆಟದಲ್ಲಿ ಡಂಕ್ ಮಾಡುವುದಕ್ಕೆ 1967ರಿಂದ ನಿಷೇಧವಿತ್ತೆಂಬುದನ್ನು ನೆನೆದರೆ ಈ ಉಪಾಯದ ಧೈರ್ಯ ಅರಿವಾಗುತ್ತದೆ. ಆ ನಿಷೇಧ ತೊಲಗಿದ್ದು 1976ರಲ್ಲಿ.

1976ರ ಜನವರಿ 27ರಂದು, ಪಂದ್ಯದ ನಡುವಿನ ಬಿಡುವಿನಲ್ಲಿ, ಐವರು ಕಣಕ್ಕಿಳಿದರು: ಜೂಲಿಯಸ್ ಅರ್ವಿಂಗ್, ಡೇವಿಡ್ ಥಾಮ್ಸನ್, ಜಾರ್ಜ್ ಗರ್ವಿನ್, ಲ್ಯಾರಿ ಕೆನನ್ ಮತ್ತು ಏಳಡಿ ಮೀರಿದ ಆರ್ಟಿಸ್ ಗಿಲ್ಮೋರ್. ಬಹುಮಾನ ಸಾವಿರ ಡಾಲರು ಮತ್ತು ಒಂದು ಸ್ಟೀರಿಯೋ ಪೆಟ್ಟಿಗೆ. ‘ಡಾಕ್ಟರ್ ಜೆ’ ಎಂದು ಜನ ಪ್ರೀತಿಯಿಂದ ಕರೆಯುತ್ತಿದ್ದ ಅರ್ವಿಂಗ್, ಫ್ರೀ ಥ್ರೋ ಗೆರೆಯಿಂದ ಹೆಜ್ಜೆ ಎಣಿಸುತ್ತ ಅಂಗಣದ ಆಚೆಯ ಬದಿಗೆ ಹೋಗಿ, ಅಲ್ಲಿಂದ ಉದ್ದಕ್ಕೆ ಓಡಿ ಬಂದು, ಆ ಗೆರೆಯ ಬಳಿ ನೆಲಬಿಟ್ಟವರು ರಿಂಗಿನ ಬಳಿಯೇ ಇಳಿದರು. ಆ ಗೆರೆಗೂ ಹಲಗೆಗೂ ಇರುವ ಅಂತರ ಹದಿನೈದು ಅಡಿ. ಅದೇ ಬೇಸಿಗೆಯಲ್ಲಿ ಎ.ಬಿ.ಎ. ಮುಚ್ಚಿತು, ಅದರ ನಾಲ್ಕು ತಂಡಗಳು ಎನ್.ಬಿ.ಎ. ಸೇರಿದುವು. ಸಂಘ ಅಳಿಯಿತು, ಅದರ ಆಟ ಉಳಿಯಿತು. 1984ರಲ್ಲಿ ಅದೇ ಡೆನ್ವರಿನಲ್ಲಿ ಎನ್.ಬಿ.ಎ. ಈ ಸ್ಪರ್ಧೆಯನ್ನು ಮತ್ತೆ ಎತ್ತಿ ನಿಲ್ಲಿಸಿದಾಗ, ಮೂವತ್ತಮೂರರ ಅರ್ವಿಂಗ್ ಮತ್ತೆ ಬಂದರು. ಲ್ಯಾರಿ ನ್ಯಾನ್ಸ್ ಎಂಬ ಕಿರಿಯನಿಗೆ ಸೋತರು; ಆದರೆ ಬಂದರು ಎಂಬುದೇ ಮುಖ್ಯ.

ಎತ್ತರದವರ ನಡುವೆ ಕುಳ್ಳ

1986ರ ಸ್ಪರ್ಧೆಗೆ ಹೆಸರುಗಳು ಪ್ರಕಟವಾದಾಗ ಸ್ಪಡ್ ವೆಬ್ ಎಂಬ ಹೆಸರನ್ನು ಕಂಡು ನಕ್ಕವರೇ ಹೆಚ್ಚಿರಬೇಕು. ಆತನ ಎತ್ತರ ಐದಡಿ ಏಳಂಗುಲ. ನಮ್ಮ ಸಂಘದ ಯಾವ ಸಭೆಯಲ್ಲಿ ನಿಂತರೂ ಎದ್ದು ಕಾಣದ ಆಳು. ಒಂದು ತಂಡ ಆರಿಸಿ ಕೈಬಿಟ್ಟ ಮೇಲೆ ಅಟ್ಲಾಂಟದ ತಂಡ ಸೇರಿಕೊಂಡಿದ್ದ ಇಪ್ಪತ್ತೆರಡರ ಹುಡುಗ. ಹಿಂದಿನ ವರ್ಷ ಮೈಕೆಲ್ ಜೋರ್ಡನ್ನನನ್ನೇ ಸೋಲಿಸಿ ಗೆದ್ದಿದ್ದ ಡೊಮಿನಿಕ್ ವಿಲ್ಕಿನ್ಸ್ ಆತನ ಸಹ ಆಟಗಾರ, ಈಗ ಎದುರಾಳಿ. ಸ್ಪರ್ಧೆ ನಡೆದದ್ದು ವೆಬ್ ಹುಟ್ಟಿದ ಊರಾದ ಡ್ಯಾಲಸಿನಲ್ಲಿ. ಕೈಯೆತ್ತಿದರೆ ಏಳಡಿಯ ಆಸುಪಾಸು ಮುಟ್ಟುವ ಮನುಷ್ಯ ಹತ್ತಡಿಯ ಮೇಲಿನ ರಿಂಗಿಗೆ ಚೆಂಡು ಗುದ್ದಬೇಕಾದರೆ ಮೂರಡಿಗೆ ಮೀರಿ ನೆಗೆಯಬೇಕು. ಆತ ನೆಗೆದ, ಗೆದ್ದ. ಇಪ್ಪತ್ತು ವರ್ಷಗಳ ಮೇಲೆ, 2006ರಲ್ಲಿ, ಐದಡಿ ಒಂಬತ್ತಂಗುಲದ ನೇಟ್ ರಾಬಿನ್ಸನ್ ಅದೇ ವೆಬ್ಬನನ್ನು ಅಂಗಣದಲ್ಲಿ ನಿಲ್ಲಿಸಿ, ಆತನನ್ನು ಹಾರಿ ದಾಟಿ ಡಂಕ್ ಮಾಡಿದ. ಒಬ್ಬ ಕುಳ್ಳ ಇನ್ನೊಬ್ಬ ಕುಳ್ಳನಿಗೆ ಸಲ್ಲಿಸಿದ ಗುರುದಕ್ಷಿಣೆಯಂತಿತ್ತು ಅದು. ರಾಬಿನ್ಸನ್ ಮುಂದೆ 2009 ಮತ್ತು 2010ರಲ್ಲೂ ಗೆದ್ದ.

ತೀರ್ಪಿನ ತಕರಾರು

ತೀರ್ಪು ಇದ್ದಲ್ಲಿ ತಕರಾರು ತಪ್ಪಿದ್ದಲ್ಲ. 1988ರಲ್ಲಿ ಚಿಕಾಗೋದಲ್ಲಿ ಜೋರ್ಡನ್ ಮತ್ತು ವಿಲ್ಕಿನ್ಸ್ ಅಂತಿಮ ಸುತ್ತಿನಲ್ಲಿ ಎದುರುಬದುರಾದರು. ವಿಲ್ಕಿನ್ಸನ ಕೊನೆಯ ಡಂಕಿಗೆ 45 ಅಂಕ ಬಂತು. ಜೋರ್ಡನ್ ಫ್ರೀ ಥ್ರೋ ಗೆರೆಯಿಂದ ಹಾರಿ 50 ಪಡೆದು 147-145ರಿಂದ ಗೆದ್ದ. ಆ ಹಾರಾಟದ ಚಿತ್ರ ಜಗತ್ತಿನ ಮೂಲೆಮೂಲೆಯ ಗೋಡೆಗಳ ಮೇಲೆ ತೂಗಿತು. ಊರು ಜೋರ್ಡನ್ನನದಾಗಿದ್ದುದರಿಂದ ತೀರ್ಪೂ ಆತನ ಕಡೆಗೆ ವಾಲಿತೆಂದು ಇಂದಿಗೂ ವಾದಿಸುವವರುಂಟು.

ಏರನ್ ಗಾರ್ಡನ್ನನ ಕಥೆ ಇನ್ನೂ ಕಹಿ. 2016ರಲ್ಲಿ ಟೊರಾಂಟೋದಲ್ಲಿ ಆತ ತನ್ನ ತಂಡದ ಬೊಂಬೆವೇಷದವನ ತಲೆಯ ಮೇಲಿದ್ದ ಚೆಂಡನ್ನು ಹಾರುತ್ತಲೇ ಎತ್ತಿಕೊಂಡು, ಎರಡೂ ಕಾಲುಗಳ ಕೆಳಗಿನಿಂದ ದಾಟಿಸಿ ಗುದ್ದಿದ. ನೋಡಿದವರು ಕಣ್ಣುಜ್ಜಿಕೊಂಡರು. ಆದರೂ ಜ್ಯಾಕ್ ಲಾವೀನ್ ಕೂದಲೆಳೆಯಷ್ಟು ಮುಂದೆ ನಿಂತು ಗೆದ್ದ. 2020ರಲ್ಲಿ ಗಾರ್ಡನ್ ಮತ್ತೆ ಬಂದು, ಏಳೂವರೆ ಅಡಿಗೆ ಒಂದೇ ಅಂಗುಲ ಕಡಿಮೆಯಿದ್ದ ಟಾಕೋ ಫಾಲ್‌ನನ್ನು ಹಾರಿ ದಾಟಿದ. ತೀರ್ಪುಗಾರರು ಕೊಟ್ಟದ್ದು 47. ಡೆರಿಕ್ ಜೋನ್ಸ್ ಜೂನಿಯರ್ 48ರಿಂದ ಗೆದ್ದ. ಇನ್ನು ಈ ಕಡೆ ತಲೆಹಾಕುವುದಿಲ್ಲ ಎಂದು ಗಾರ್ಡನ್ ಅಂದೇ ಹೇಳಿಬಿಟ್ಟ. ಸಂಗೀತ ಕಚೇರಿಗೆ ಅಂಕ ಕೊಡಹೊರಟರೆ ಎಂಥ ಪೇಚಾಟವೋ ಇಲ್ಲಿಯೂ ಅಂಥದೇ. ಓಟಕ್ಕೆ ಗಡಿಯಾರವಿದೆ, ಜಿಗಿತಕ್ಕೆ ಅಳತೆಪಟ್ಟಿಯಿದೆ. ಬೆರಗಿಗೆ ಯಾವ ಅಳತೆ?

ಬಾರದವರು ಮತ್ತು ಬಂದವರು

ಈಗ ಮುಖ್ಯ ವಿಷಯಕ್ಕೆ ಬರೋಣ. ಹೆಸರುಗಳ ಪಟ್ಟಿ ಪ್ರಕಟವಾದಾಗಲೆಲ್ಲ ರಸಿಕರ ಮೊದಲ ದೂರು ಒಂದೇ: “ದೊಡ್ಡವರು ಯಾರೂ ಇಲ್ಲವಲ್ಲ!” ದೂರಿನಲ್ಲಿ ಸತ್ಯವಿದೆ. ಅರ್ವಿಂಗ್, ಜೋರ್ಡನ್, ವಿಲ್ಕಿನ್ಸ್, 1997ರಲ್ಲಿ ಹದಿನೆಂಟರ ಹರೆಯದಲ್ಲೇ ಗೆದ್ದ ಕೋಬಿ ಬ್ರಯಂಟ್, ಇವರೆಲ್ಲ ಬಂದು ಹಾರಿದ ಕಣಕ್ಕೆ ಲೆಬ್ರಾನ್ ಜೇಮ್ಸ್ ಎಂದೂ ಕಾಲಿಡಲಿಲ್ಲ. ಕಾರಣಗಳೂ ಸಣ್ಣವಲ್ಲ. ಹಿರಿಯ ತಾರೆಗಳ ವರ್ಷದ ಸಂಬಳ ಐದು ಕೋಟಿ ಡಾಲರು ಮೀರಿದೆ. ಇಲ್ಲಿಯ ಬಹುಮಾನ ಒಂದು ಲಕ್ಷ ಡಾಲರಿನ ಆಸುಪಾಸು. ಮೊಣಕಾಲಿಗೆ ಏಟಾದರೆ ಯಾರು ಹೊಣೆ? ಗೆದ್ದರೆ ಹೊಸದಾಗಿ ಸೇರುವ ಕೀರ್ತಿಯೇನೂ ಇಲ್ಲ, ಸೋತರೆ ನಗೆಪಾಟಲು. 2024ರಲ್ಲಿ ಜೇಲನ್ ಬ್ರೌನ್ ಎಂಬ ನಿಜವಾದ ತಾರೆ ಧೈರ್ಯಮಾಡಿ ಬಂದ. ಸಭಿಕರು ಕೂಗಿ ಅಪಮಾನಿಸಿದರು. ಅದೇ ಬ್ರೌನ್ ನಾಲ್ಕು ತಿಂಗಳ ಮೇಲೆ ಬೋಸ್ಟನ್ ತಂಡಕ್ಕೆ ಪ್ರಶಸ್ತಿ ಗೆದ್ದುಕೊಟ್ಟು ಅಂತಿಮ ಪಂದ್ಯಗಳ ಶ್ರೇಷ್ಠ ಆಟಗಾರನೆನಿಸಿದ. ಬಂದವರನ್ನು ಹೀಗೆ ನಡೆಸಿಕೊಂಡು, ಬಾರದವರನ್ನು ದೂರುವುದರಲ್ಲಿ ನ್ಯಾಯವಿದೆಯೆ?

ಬಾರದವರ ಸ್ಥಳದಲ್ಲಿ ಬಂದವನೊಬ್ಬನನ್ನು ನೋಡೋಣ. ವರ್ಜೀನಿಯಾದ ಗೇಟ್ ಸಿಟಿ ಎಂಬ ಚಿಕ್ಕ ಊರಿನ ಮ್ಯಾಕ್ ಮೆಕ್ಲಂಗ್. ಎತ್ತರ ಆರಡಿ ಎರಡಂಗುಲ. 2023ರ ಸ್ಪರ್ಧೆಗೆ ಕರೆ ಬಂದಾಗ ಆತನಿದ್ದುದು ಜಿ ಲೀಗ್ ಎಂಬ ಕೆಳಗಿನ ಮಜಲಿನ ತಂಡದಲ್ಲಿ. ಅದುವರೆಗೆ ಎನ್.ಬಿ.ಎ.ಯಲ್ಲಿ ಆಡಿದ್ದು ಎರಡೇ ಎರಡು ಪಂದ್ಯ. ಇವನಾರೆಂದು ಕೇಳಿದವರ ಮುಂದೆ, ಒಬ್ಬನ ಹೆಗಲ ಮೇಲೆ ಇನ್ನೊಬ್ಬನನ್ನು ಕೂರಿಸಿ, ಇಬ್ಬರನ್ನೂ ಹಾರಿ ದಾಟಿ, ಚೆಂಡನ್ನು ಹಲಗೆಗೆ ತಟ್ಟಿ, ಬೆನ್ನುತಿರುಗಿ ರಿಂಗಿಗೆ ಗುದ್ದಿದ. ನಾಲ್ಕು ಡಂಕುಗಳಲ್ಲಿ ಮೂರಕ್ಕೆ ಪೂರ್ಣಾಂಕ. 2024ರಲ್ಲಿ ಬ್ರೌನನನ್ನು, 2025ರಲ್ಲಿ ಸ್ಟೀಫನ್ ಕ್ಯಾಸಲ್‌ನನ್ನು ಸೋಲಿಸಿ, ಒಂದರ ಮೇಲೊಂದು ಮೂರು ವರ್ಷ ಗೆದ್ದ ಮೊದಲಿಗನಾದ. ಆದರೂ ಆ ಮೂರು ವರ್ಷಗಳಲ್ಲಿ ಆತನ ಆಟವೆಲ್ಲ ಬಹುಮಟ್ಟಿಗೆ ಜಿ ಲೀಗಿನಲ್ಲೇ ನಡೆಯಿತು. 2024ರಲ್ಲಿ ಆ ಲೀಗಿನ ಶ್ರೇಷ್ಠ ಆಟಗಾರನೆನಿಸಿದರೂ ಮೇಲಿನ ಮನೆಯಲ್ಲಿ ಭದ್ರವಾದೊಂದು ಮಣೆ ಸಿಗಲಿಲ್ಲ. ಚಪ್ಪಾಳೆ ಬೇರೆ, ನೌಕರಿ ಬೇರೆ.

ಆದುದರಿಂದಲೇ ಆ ನಾಲ್ಕು ನೆಗೆತಗಳಿಗೆ ಬೆಲೆ. ನೆಗೆಯುವುದು ಒಬ್ಬನಿಗೆ ಬಿಡುವಿನ ವಿನೋದವಾದರೆ ಇನ್ನೊಬ್ಬನಿಗೆ ಅರ್ಜಿ. ದುಡ್ಡಿಲ್ಲದ ಸಂಘವೊಂದು ಜನರ ಮುಂದೆ ಒಪ್ಪಿಸಿದ ಅರ್ಜಿಯಾಗಿಯೇ ಈ ಸ್ಪರ್ಧೆ ಹುಟ್ಟಿತು. ವೆಬ್ ಒಪ್ಪಿಸಿದ್ದೂ ಅರ್ಜಿಯನ್ನೇ, ಮೆಕ್ಲಂಗ್ ಒಪ್ಪಿಸಿದ್ದೂ ಅದನ್ನೇ. 1998ರಲ್ಲಿ, ಇನ್ನು ಹೊಸತೇನೂ ಉಳಿದಿಲ್ಲವೆಂಬಂತೆ, ಸ್ಪರ್ಧೆಯನ್ನೇ ಕೈಬಿಡಲಾಗಿತ್ತು. 2000ದಲ್ಲಿ ಅದು ಓಕ್ಲೆಂಡಿನಲ್ಲಿ ಮತ್ತೆ ನಡೆದಾಗ ವಿನ್ಸ್ ಕಾರ್ಟರ್ ಮೊಣಕೈವರೆಗೆ ತೋಳನ್ನು ರಿಂಗಿನೊಳಗೆ ತೂರಿಸಿ ನೇತಾಡಿದ. ಮುಗಿಯಿತೆಂದವರ ಬಾಯಿ ಕಟ್ಟಿತು. ಮುಗಿಯಿತು ಎನ್ನುವ ಮಾತು ಈ ಆಟದಲ್ಲಿ ನಿಲ್ಲುವುದಿಲ್ಲ.

ನಮ್ಮ ನಂಟು

ಇದೆಲ್ಲ ದೂರದ ಊರಿನ ಸುದ್ದಿಯಲ್ಲವೆ ಎಂದು ಹಿರಿಯರು ಕೇಳಬಹುದು. ದೂರವೂ ಹೌದು, ಅಷ್ಟೊಂದು ದೂರವೂ ಅಲ್ಲ. ನೈಸ್ಮಿತ್ ಈ ಆಟ ಕಟ್ಟಿದ ಸ್ಪ್ರಿಂಗ್‌ಫೀಲ್ಡಿನ ವಿದ್ಯಾಲಯದಲ್ಲೇ ಕಲಿತ ಹ್ಯಾರಿ ಕ್ರೋ ಬಕ್ 1920ರಲ್ಲಿ ಮದರಾಸಿನಲ್ಲಿ ವೈ.ಎಂ.ಸಿ.ಎ. ವ್ಯಾಯಾಮ ಶಿಕ್ಷಣ ಕಾಲೇಜನ್ನು ತೆರೆದರು. ಚೆನ್ನೈಯ ನಮ್ಮ ಬಂಧುಗಳು ಅದನ್ನು ಬಲ್ಲರು. 2015ರಲ್ಲಿ ಪಂಜಾಬದ ಸತ್ನಾಮ್ ಸಿಂಗ್ ಎನ್.ಬಿ.ಎ. ತಂಡವೊಂದು ಆರಿಸಿಕೊಂಡ ಮೊದಲ ಭಾರತ ಸಂಜಾತನಾದ. 2019ರ ಅಕ್ಟೋಬರ್ 4 ಮತ್ತು 5ರಂದು ಮುಂಬಯಿಯ ವರ್ಲಿಯಲ್ಲಿ ಸ್ಯಾಕ್ರಮೆಂಟೋ ಮತ್ತು ಇಂಡಿಯಾನಾ ತಂಡಗಳು ಆಡಿದುವು, ಎನ್.ಬಿ.ಎ. ತಂಡಗಳು ಭಾರತದ ನೆಲದಲ್ಲಿ ಆಡಿದ್ದು ಅದೇ ಮೊದಲು.

ನಮ್ಮ ಬಡಾವಣೆಗಳ ಅಂಗಣಗಳಲ್ಲಿ ಸಂಜೆ ಹೊತ್ತು ರಿಂಗಿನ ಬಲೆಯ ತುದಿಯನ್ನಾದರೂ ಮುಟ್ಟಬೇಕೆಂದು ಮತ್ತೆ ಮತ್ತೆ ನೆಗೆಯುವ ಹುಡುಗ ಹುಡುಗಿಯರಿದ್ದಾರೆ. ಅವರಲ್ಲಿ ಬಹುಮಂದಿ ಎಂದೂ ಡಂಕ್ ಮಾಡಲಾರರು. ಆದರೆ ಕಳೆದ ತಿಂಗಳಿಗಿಂತ ಈ ತಿಂಗಳು ಎರಡಂಗುಲ ಮೇಲೆ ಮುಟ್ಟಿದ್ದನ್ನು ಗೋಡೆಯ ಮೇಲೆ ಗುರುತು ಹಾಕಿಕೊಳ್ಳುತ್ತಾರೆ. ಇನ್ನೊಂದು ಫೆಬ್ರವರಿ ಬರುತ್ತದೆ, ಮತ್ತೆ ನಾಲ್ಕು ಹೆಸರುಗಳು ಪ್ರಕಟವಾಗುತ್ತವೆ. ಅವುಗಳಲ್ಲಿ ನಮಗೆ ಗೊತ್ತಿಲ್ಲದ ಹೆಸರೊಂದಿದ್ದರೆ, ಇವನಾರೆಂದು ಮೂಗುಮುರಿಯುವ ಬದಲು, ಈತನಿಗೆ ಈ ನೆಗೆತ ಏಕೆ ಬೇಕಾಗಿದೆ ಎಂದು ವಿಚಾರಿಸಿ ನೋಡೋಣ. ಆ ಭಾನುವಾರ ಮಗನ ಅಲಾರಂ ಕೂಗಿದಾಗ ಗದರದೆ, ಒಲೆಯ ಮೇಲೆ ಕಾಫಿಗೆ ನೀರಿಟ್ಟು, ಅವನ ಪಕ್ಕದಲ್ಲಿ ಕುಳಿತುಕೊಳ್ಳಬೇಕೆಂದು ತಾಯಿತಂದೆಯರಲ್ಲಿ ನಮ್ಮ ವಿನಂತಿ.